ಸಣ್ಣ ಠೇವಣಿದಾರನ ನ್ಯಾಯ: ಮುಂಬಯಿಯ ಒಂದು ಸಹಕಾರಿ ಬ್ಯಾಂಕಿನ ಪ್ರಕರಣದಿಂದ

‘ಠೇವಣಿ’ ಎಂಬ ಮಾತು ಮರಾಠಿಯ ‘ಠೇವಣೆ’, ಅಂದರೆ ಇಡುವುದು, ಎಂಬುದಕ್ಕೆ ಸಂಬಂಧಿಸಿದುದು. ಆ ಮಾತಿನೊಳಗೆ ಒಂದು ನಂಬಿಕೆ ಅಡಗಿದೆ: ನಾನು ಇಟ್ಟದ್ದು ನನ್ನದು, ಅದು ಇಟ್ಟಲ್ಲಿಯೇ ಇದೆ, ಕೇಳಿದಾಗ ದೊರೆಯುತ್ತದೆ. ಪ್ರಾಚೀನ ಧರ್ಮಶಾಸ್ತ್ರವೂ ಈ ನಂಬಿಕೆಯನ್ನು ಮನ್ನಿಸಿತ್ತು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದುದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿಯಲ್ಲಿ ಸಾಲದ ಪ್ರಕರಣವೇ ಬೇರೆ, ನಂಬಿ ಇಟ್ಟ ಒಡವೆಯ ಪ್ರಕರಣವೇ ಬೇರೆ. ಮುದ್ರೆಯೊತ್ತಿ ಒಪ್ಪಿಸಿದ ‘ಉಪನಿಧಿ’ಯನ್ನು ಕೊಟ್ಟಂತೆಯೇ ಮರಳಿಸಬೇಕು, ಅದನ್ನು ತನ್ನಿಚ್ಛೆಯಂತೆ ಬಳಸಿಕೊಂಡು ಬದುಕಿದವನು ದಂಡಕ್ಕೂ ಗುರಿ, ಲಾಭಸಹಿತ ಮರಳಿಸುವುದಕ್ಕೂ ಬದ್ಧ.

ಇಂದಿನ ಬ್ಯಾಂಕಿನ ಕಾನೂನು ಈ ಎರಡನ್ನೂ ಒಂದಾಗಿಸಿದೆ. ಫೋಲಿ ಮತ್ತು ಹಿಲ್ ಎಂಬವರ ವ್ಯಾಜ್ಯದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1848ರಲ್ಲಿ ಕೊಟ್ಟ ತೀರ್ಪಿನಂತೆ, ಬ್ಯಾಂಕಿಗೆ ಕಟ್ಟಿದ ಹಣವು ಕಟ್ಟಿದ ಕ್ಷಣದಿಂದ ಬ್ಯಾಂಕಿನದೇ ಆಗುತ್ತದೆ. ಕಟ್ಟಿದವನಿಗೆ ಉಳಿಯುವುದು ಅಷ್ಟು ಮೊತ್ತವನ್ನು ಕೇಳುವ ಹಕ್ಕು ಮಾತ್ರ. ಭಾರತದ ಬ್ಯಾಂಕುಗಳ ವ್ಯವಹಾರಕ್ಕೂ ಈ ತತ್ವವೇ ಆಧಾರ. ಹೀಗೆ ಉಳಿತಾಯ ಖಾತೆಯ ವಿಧವೆಯೂ ನಿವೃತ್ತ ಗುಮಾಸ್ತನೂ, ತಮಗೆ ಅರಿವಿಲ್ಲದೆಯೇ, ಬ್ಯಾಂಕಿಗೆ ಒತ್ತೆಯಿಲ್ಲದೆ ಸಾಲ ಕೊಟ್ಟವರಾಗಿರುತ್ತಾರೆ. ಬ್ಯಾಂಕು ಸುಸ್ಥಿತಿಯಲ್ಲಿರುವವರೆಗೆ ಈ ಭೇದ ಯಾರ ಕಣ್ಣಿಗೂ ಬೀಳದು. ಕುಸಿದ ದಿನ ಎಲ್ಲವೂ ಇದರ ಮೇಲೆಯೇ ನಿಲ್ಲುತ್ತದೆ.

ಮುಂಬಯಿಯ ನಮ್ಮ ವಾಚಕರಿಗೆ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಕಥೆ ಹೊಸದಲ್ಲ. 1984ರಲ್ಲಿ ಶೀವದ ಒಂದೇ ಶಾಖೆಯಿಂದ ಹೊರಟ ಈ ಸಂಸ್ಥೆ 2019ರ ಹೊತ್ತಿಗೆ 137 ಶಾಖೆಗಳನ್ನೂ ಸುಮಾರು 11,600 ಕೋಟಿ ರೂಪಾಯಿಗಳ ಠೇವಣಿಯನ್ನೂ ಹೊಂದಿತ್ತು. ಕರ್ನಾಟಕದಲ್ಲಿಯೂ ಅದರ ಶಾಖೆಗಳಿದ್ದವು. ಆ ವರ್ಷದ ಸೆಪ್ಟೆಂಬರ್ 23ರಂದು ರಿಸರ್ವ್ ಬ್ಯಾಂಕು ನಿರ್ಬಂಧಾಜ್ಞೆಯನ್ನು ಹೊರಡಿಸಿ, ಆರು ತಿಂಗಳ ಅವಧಿಗೆ ಪ್ರತಿಯೊಂದು ಖಾತೆಯಿಂದ ಒಟ್ಟು 1,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದು ವಿಧಿಸಿತು. ಬಹಿರಂಗವಾದ ಸಂಗತಿ ಇದು: ಎಚ್.ಡಿ.ಐ.ಎಲ್. ಎಂಬ ಗೃಹನಿರ್ಮಾಣ ಸಂಸ್ಥೆಯ ಬಳಗಕ್ಕೆ 6,500 ಕೋಟಿಗೂ ಮೀರಿದ ಸಾಲ ಸಂದಿತ್ತು. ಇದು ಬ್ಯಾಂಕು ಕೊಟ್ಟ ಒಟ್ಟು ಸಾಲದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು. ಅಂದಿನ ನಿಯಮದಂತೆ ನಗರ ಸಹಕಾರಿ ಬ್ಯಾಂಕೊಂದು ಒಂದು ಬಳಗಕ್ಕೆ ತನ್ನ ಬಂಡವಾಳನಿಧಿಯ ನೂರಕ್ಕೆ ನಾಲ್ವತ್ತರಷ್ಟನ್ನು ಮಾತ್ರ ಕೊಡಬಹುದಾಗಿತ್ತು. ನಿಯಮವು ಹೇಳುವುದು ಬಂಡವಾಳವನ್ನು, ಇಲ್ಲಿ ಹೋದದ್ದು ಠೇವಣಿ, ಎಂಬುದನ್ನು ಗಮನಿಸಿದರೆ ಮೀರಿದ ಅಳತೆ ಇನ್ನೂ ಸ್ಪಷ್ಟವಾದೀತು. ಇಂತಹ 44 ಖಾತೆಗಳನ್ನು ಮರೆಮಾಡಲು 21,049 ಹುಸಿ ಖಾತೆಗಳನ್ನು ಸೃಷ್ಟಿಸಲಾಗಿತ್ತೆಂಬುದು ಪೋಲೀಸರ ಆರೋಪ. ವರ್ಷ ವರ್ಷವೂ ಲೆಕ್ಕ ತನಿಖೆ ನಡೆಯುತ್ತಿದ್ದ ಸಂಸ್ಥೆಯಲ್ಲಿ ಇಷ್ಟೊಂದು ಕಲ್ಪಿತ ಸಾಲಗಾರರು ಹೇಗೆ ಬಾಳಿದರೆಂಬುದು ಬೇರೆಯೇ ಒಂದು ಲೇಖನದ ವಸ್ತು.

ಬಂಧನಗಳು ಬೇಗನೆ ನಡೆದವು, ಆಸ್ತಿಗಳೂ ಮುಟ್ಟುಗೋಲಾದವು. ಪತ್ರಿಕೆಗಳಲ್ಲಿ ಕಾರುಗಳ, ವಿಮಾನದ ಚಿತ್ರಗಳು ಬಂದವು. ಜನ ಸಹಜವಾಗಿಯೇ ಯೋಚಿಸಿದರು: ಇವನ್ನು ಮಾರಿ ನಮ್ಮ ಹಣ ಕೊಡಬಾರದೇಕೆ? ಆದರೆ ಮುಟ್ಟುಗೋಲಾದ ಆಸ್ತಿಗೂ ಠೇವಣಿದಾರನಿಗೂ ನಡುವೆ ನೇರವಾದ ದಾರಿಯೇ ಇಲ್ಲ. ಎಚ್.ಡಿ.ಐ.ಎಲ್. ಸಂಸ್ಥೆಯ ಮೇಲೆ ಬೇರೊಂದು ಬ್ಯಾಂಕಿನ ಅರ್ಜಿಯಂತೆ 2019ರ ಆಗಸ್ಟಿನಲ್ಲಿಯೇ ದಿವಾಳಿ ವ್ಯವಹರಣೆ ಆರಂಭವಾಗಿತ್ತು. ಅಂದಮೇಲೆ ಅದರ ಆಸ್ತಿಯಲ್ಲಿ ಇತರ ಸಾಲದಾತರಿಗೂ ಮನೆಗೆ ಮುಂಗಡ ಕೊಟ್ಟು ಕಾದಿದ್ದವರಿಗೂ ಪಾಲು. ಅಕ್ರಮ ಹಣದ ಕಾನೂನಿನಡಿ ಜಾರಿ ನಿರ್ದೇಶನಾಲಯದ ಮುಟ್ಟುಗೋಲು ಇನ್ನೊಂದು ಹಗ್ಗ. ಮುಂಬಯಿಯ ಉಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ ಆಸ್ತಿಗಳ ಮಾರಾಟಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಒಂದು ವೇಳೆ ಮಾರಾಟವಾದರೂ ಹಣ ಸೇರುವುದು ಬ್ಯಾಂಕಿಗೆ; ಠೇವಣಿದಾರನ ಸರದಿ ಬ್ಯಾಂಕಿನ ಬಾಗಿಲಲ್ಲಿ ಹೊಸದಾಗಿ ಆರಂಭವಾಗಬೇಕು. ಅಪರಾಧಿಗೆ ಶಿಕ್ಷೆ ಮತ್ತು ನೊಂದವನಿಗೆ ಪರಿಹಾರ ಇವು ಜನರ ಮನಸ್ಸಿನಲ್ಲಿ ಒಂದೇ. ನ್ಯಾಯಾಲಯದಲ್ಲಿ ಇವು ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ.

ಹಾಗಾದರೆ ಸಣ್ಣವನಿಗೆ ನಿಜವಾದ ಆಸರೆ ಯಾವುದು? ವಿಮೆ. ಇದೂ ಒಂದು ಕುಸಿತದಿಂದಲೇ ಹುಟ್ಟಿದುದು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿದಾಗ ಎದ್ದ ಹಾಹಾಕಾರದ ಫಲವಾಗಿ ಠೇವಣಿ ವಿಮಾ ನಿಗಮದ ಕಾನೂನು ಬಂದು, 1962ರ ಜನವರಿ 1ರಿಂದ ಜಾರಿಯಾಯಿತು. ಆಗಿನ ಮಿತಿ ತಲೆಗೆ 1,500 ರೂಪಾಯಿ. 1968ರ ತಿದ್ದುಪಡಿ ಸಹಕಾರಿ ಬ್ಯಾಂಕುಗಳಿಗೂ ಬಾಗಿಲು ತೆರೆಯಿತು. ಮಿತಿ ಹಂತಹಂತವಾಗಿ ಏರಿ 1993ರಲ್ಲಿ ಒಂದು ಲಕ್ಷವಾಯಿತು. ಅಲ್ಲಿಯೇ ಇಪ್ಪತ್ತಾರು ವರ್ಷಗಳಿಗೂ ಹೆಚ್ಚು ಕಾಲ ನಿಂತಿತು. ಮುಂಬಯಿಯ ಈ ಗದ್ದಲದ ಬಳಿಕ, 2020ರ ಫೆಬ್ರವರಿ 4ರಿಂದ, ಅದು ಐದು ಲಕ್ಷವಾಯಿತು. ವಿಮೆಯ ಕಂತನ್ನು ತೆರುವುದು ಬ್ಯಾಂಕು. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬನು ಒಂದೇ ಅಧಿಕಾರದಲ್ಲಿ ಇಟ್ಟ ಮೊತ್ತಗಳನ್ನು, ಬಡ್ಡಿಯನ್ನೂ ಸೇರಿಸಿ, ಕೂಡಿ ಎಣಿಸುತ್ತಾರೆ; ನಾಲ್ಕು ಶಾಖೆಗಳಲ್ಲಿ ಹಂಚಿಟ್ಟರೆ ನಾಲ್ಕು ವಿಮೆ ದೊರೆತೀತೆಂಬುದು ಭ್ರಮೆ.

ಆದರೆ ಏರಿದ ಮಿತಿಯಿಂದ ಈ ಠೇವಣಿದಾರರಿಗೆ ಆಗ ಒಂದು ಕಾಸೂ ದೊರೆಯಲಿಲ್ಲ. ಕಾರಣ ಸೂಕ್ಷ್ಮವಾದುದು. ಬ್ಯಾಂಕು ಸಮಾಪನೆಗೊಂಡಾಗ ಅಥವಾ ಇನ್ನೊಂದರಲ್ಲಿ ವಿಲೀನವಾದಾಗ ಮಾತ್ರ ನಿಗಮವು ಹಣ ಕೊಡಬೇಕಾಗಿತ್ತು. ಈ ಬ್ಯಾಂಕು ಸತ್ತಿರಲಿಲ್ಲ, ಬದುಕಿಯೂ ಇರಲಿಲ್ಲ. ನಿರ್ಬಂಧಾಜ್ಞೆ ಮತ್ತೆ ಮತ್ತೆ ಮುಂದುವರಿಯಿತು. ತೆಗೆಯಬಹುದಾದ ಮೊತ್ತವನ್ನು ಹತ್ತು, ಇಪ್ಪತ್ತೈದು, ನಾಲ್ವತ್ತು, ಐವತ್ತು ಸಾವಿರಗಳಿಗೆ, ಕೊನೆಗೆ 2020ರ ಜೂನಿನಲ್ಲಿ ಒಂದು ಲಕ್ಷಕ್ಕೆ ಏರಿಸಲಾಯಿತು. ಠೇವಣಿದಾರರು ರಿಸರ್ವ್ ಬ್ಯಾಂಕಿನ ಎದುರು ನಿಂತರು, ನ್ಯಾಯಾಲಯಗಳ ಮೆಟ್ಟಿಲೇರಿದರು. ಸರ್ವೋಚ್ಚ ನ್ಯಾಯಾಲಯ ಅವರ ಅರ್ಜಿಯನ್ನು ನೇರವಾಗಿ ಕೈಗೆತ್ತಿಕೊಳ್ಳದೆ ಉಚ್ಚ ನ್ಯಾಯಾಲಯಕ್ಕೆ ಹೋಗುವಂತೆ ಹೇಳಿತು. ಬ್ಯಾಂಕನ್ನು ಉಳಿಸಬೇಕಾದರೆ ಎಲ್ಲರೂ ಒಮ್ಮೆಗೇ ಹಣ ತೆಗೆಯದಂತೆ ತಡೆಯಬೇಕೆಂಬ ವಾದದಲ್ಲಿ ಹುರುಳಿದೆ, ಇಲ್ಲವೆನ್ನಲಾಗದು. ಆದರೆ ಕಾಯುವ ಭಾರವನ್ನು ಹೊತ್ತವರು ತಪ್ಪಿಗೆ ಹೊಣೆಯಾದವರಲ್ಲ, ಎಂಬುದನ್ನು ಆ ವಾದವು ಮುಟ್ಟುವುದೇ ಇಲ್ಲ.

ಈ ಹೋರಾಟದ ನಿಜವಾದ ಗಳಿಕೆಯೆಂದು ನಾವು ಎಣಿಸುವುದು 2021ರ ತಿದ್ದುಪಡಿಯನ್ನು. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ಕಲಮಿನಂತೆ, ಬ್ಯಾಂಕು ಮುಚ್ಚದಿದ್ದರೂ, ಹಣ ತೆಗೆಯಲು ನಿರ್ಬಂಧ ಬಿದ್ದರೆ ಸಾಕು. ನಲವತ್ತೈದು ದಿನಗಳೊಳಗೆ ಬ್ಯಾಂಕು ಠೇವಣಿದಾರರ ಪಟ್ಟಿಯನ್ನು ಒಪ್ಪಿಸಬೇಕು, ಮೂವತ್ತು ದಿನಗಳೊಳಗೆ ನಿಗಮ ಅದನ್ನು ಪರೀಕ್ಷಿಸಬೇಕು, ಮುಂದಿನ ಹದಿನೈದು ದಿನಗಳೊಳಗೆ ಐದು ಲಕ್ಷದವರೆಗಿನ ಹಣ ಸಲ್ಲಬೇಕು. ಬ್ಯಾಂಕನ್ನು ಉಳಿಸುವ ಯತ್ನ ನಡೆದಿದ್ದರೆ ಈ ಅವಧಿಯನ್ನು ಇನ್ನೂ ತೊಂಬತ್ತು ದಿನ ಮುಂದೂಡಬಹುದು. 2020ರ ಜನವರಿಯಲ್ಲಿ ನಿರ್ಬಂಧಕ್ಕೊಳಗಾದ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೂ ಇದರಿಂದ ಹಣ ದೊರೆಯಿತು. ಕಾನೂನು ಇಲ್ಲಿ ಮೊತ್ತದ ಜೊತೆಗೆ ದಿನವನ್ನೂ ಎಣಿಸಿತು.

ಮುಂಬಯಿಯ ಬ್ಯಾಂಕು 2022ರ ಜನವರಿ 25ರಂದು, ಅಂದರೆ ಇಪ್ಪತ್ತೆಂಟು ತಿಂಗಳ ಬಳಿಕ, ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ಐದು ಲಕ್ಷದೊಳಗಿನವರಿಗೆ, ಅವರೇ ಬಹುಸಂಖ್ಯಾತರು, ವಿಮೆಯ ಹಣದಿಂದ ಬಾಕಿ ತೀರಿತು. ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ಐದು ವರ್ಷ ವರ್ಷಕ್ಕೊಂದು ಕಂತಿನಂತೆ, ಇನ್ನೂ ಉಳಿದುದನ್ನು ಹತ್ತು ವರ್ಷದ ಕೊನೆಗೆ ಕೊಡುವುದೆಂದು ವಿಲೀನದ ಯೋಜನೆ ವಿಧಿಸಿತು. ಬಾಕಿಗೆ ಮೊದಲ ಐದು ವರ್ಷ ಬಡ್ಡಿಯಿಲ್ಲ. ಆಮೇಲೆ ನೂರಕ್ಕೆ 2.75. ನೂರಕ್ಕೆ ಆರರ ಬಡ್ಡಿಯನ್ನು ಸಾಧಾರಣವೆಂದು ಹಿಡಿದರೂ, ಬಡ್ಡಿಯಿಲ್ಲದೆ ಐದು ವರ್ಷ ನಿಂತ ನೂರು ರೂಪಾಯಿಯ ಬೆಲೆ ಇಂದಿನ ಲೆಕ್ಕದಲ್ಲಿ ಎಪ್ಪತ್ತೈದಕ್ಕೂ ತುಸು ಕಡಮೆ. ಕಾಗದದ ಮೇಲೆ ಒಂದು ರೂಪಾಯಿಯೂ ಕಡಿತವಾಗಿಲ್ಲ. ಕಾಲು ಭಾಗವನ್ನು ಕಾಲವೇ ಕಡಿದಿದೆ. ಸಹಕಾರಿ ಸಂಘಗಳೇ ಮೊದಲಾದ ಸಾಂಸ್ಥಿಕ ಠೇವಣಿದಾರರ ಪಾಡು ಇದಕ್ಕಿಂತ ಕಷ್ಟ: ಅವರ ಬಾಕಿಯ ಹೆಚ್ಚಿನ ಭಾಗ ಆದ್ಯತಾ ಷೇರುಗಳಾಗಿ ಮಾರ್ಪಟ್ಟಿತು. ಅಂತಹ ಸಂಘದ ಹಣವೆಂದರೆ ಕಟ್ಟಡದ ದುರಸ್ತಿಗೆಂದು ಐವತ್ತು ಮನೆಗಳವರು ಕೂಡಿಸಿದ ನಿಧಿಯೂ ಆಗಿರಬಹುದೆಂಬ ಭೇದವನ್ನು ಯೋಜನೆ ಎಣಿಸಲಿಲ್ಲ.

ಎಪ್ಪತ್ತರ ಪ್ರಾಯದಲ್ಲಿ ನಿರ್ಬಂಧಕ್ಕೆ ಸಿಕ್ಕಿದ ದೊಡ್ಡ ಬಾಕಿಯ ಠೇವಣಿದಾರನು ತನ್ನ ಕೊನೆಯ ಕಂತನ್ನು ಪಡೆಯಬೇಕಾದುದು 2032ರಲ್ಲಿ, ಎಂಬತ್ತೆರಡರ ಪ್ರಾಯದಲ್ಲಿ. ಅಂಥವರ ಮನೆಯವರು ಖಾತೆಯ ನಾಮನಿರ್ದೇಶನ ಸರಿಯಾಗಿದೆಯೇ ಎಂಬುದನ್ನು ಈಗಲೇ ಯೂನಿಟಿ ಬ್ಯಾಂಕಿನ ಶಾಖೆಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಅವಶ್ಯ.