ಪುಟ್ಟ ಎಂಜಿನ್ನಿನೊಳಗೆ ತುಂಡಾದ ತಂತಿ

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಹೂಟಗಳ್ಳಿ ದಾಟಿದರೆ ಸಿಗುವ ಇಲವಾಲಕ್ಕೆ ರೈಲಿಲ್ಲ. ಹತ್ತಿರದ ಹಳಿ ಎಂದರೆ ಬೆಳಗೊಳದ ಕಡೆಯಿಂದ ಹಾಸನಕ್ಕೆ ಹೋಗುವುದು. ಕುಶಾಲನಗರದವರೆಗೆ ಹೊಸ ಮಾರ್ಗ ಬೇಕೆಂಬ ಬೇಡಿಕೆ ಬಹುಕಾಲದ್ದು. ಆದರೆ ಯಂತ್ರದ ಕೆಲಸ ಬಲ್ಲ ಕೈಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ, ಬೆಳವಾಡಿಯಲ್ಲಿ ಬಿಇಎಂಎಲ್ ಇದೆ, ಹೂಟಗಳ್ಳಿ ಕೂರ್ಗಳ್ಳಿಗಳ ತುಂಬ ಕಾರ್ಖಾನೆಗಳಿವೆ. ಅಲ್ಲಿ ದುಡಿದು ನಿವೃತ್ತರಾದವರಿಗೂ ಅವರ ಮೊಮ್ಮಕ್ಕಳಿಗೂ ಒಪ್ಪುವ ಕಸುಬೊಂದನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ. ಅದು ಮಾದರಿ ರೈಲು ಎಂಜಿನ್ನಿನೊಳಗೆ ತುಂಡಾದ ತಂತಿಯನ್ನು ಹುಡುಕಿ ಕೂಡಿಸುವ ಕೆಲಸ.

ಇಂಥ ಎಂಜಿನ್ನುಗಳು ನಮ್ಮ ಮನೆಗಳಿಗೆ ಬರುವುದು ಹೆಚ್ಚಾಗಿ ಹೊರದೇಶದಿಂದ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಕೆಲಸದಲ್ಲಿರುವ ಮಗಳು ರಜೆಗೆ ಬಂದಾಗ ತಂದುಕೊಡುತ್ತಾಳೆ. ಒಂದೆರಡು ವರ್ಷ ಓಡಿ ಒಂದು ದಿನ ಅದು ನಿಲ್ಲುತ್ತದೆ. ತೋರಿಸಲು ಅಂಗಡಿಯಿಲ್ಲ, ಹಾಗಾಗಿ ಡಬ್ಬಿ ಸೇರಿ ಅಟ್ಟ ಹತ್ತುತ್ತದೆ. ನಾನು ಬಿಚ್ಚಿ ನೋಡಿದವುಗಳಲ್ಲಿ ಮೋಟಾರು ಸುಟ್ಟಿದ್ದು ಅಪರೂಪ. ಎಲ್ಲೋ ಒಂದು ಕಡೆ ಕೂದಲಿನಂಥ ತಂತಿ ಕಡಿದಿರುತ್ತದೆ, ಅಷ್ಟೇ. ಅಷ್ಟಕ್ಕೇ ಒಂದು ಒಳ್ಳೆಯ ಯಂತ್ರ ಅಟ್ಟದಲ್ಲಿ ಕೊಳೆಯುವುದು ನನಗೆ ಸಹಿಸಲಾಗದ ಸಂಗತಿ.

ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಸಂತೆಯಲ್ಲಿ ನಿಗದಿತ ಹಳಿಯಳತೆಯ ಆಟದ ರೈಲುಗಳನ್ನು ಮುಂದಿಟ್ಟಿತು. ಇಂಗ್ಲೆಂಡಿನ ಹಾರ್ನ್‌ಬಿ ರೈಲುಗಳು ಬಂದದ್ದು 1920ರಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವುದು ‘ಎಚ್‌ಒ’ ಅಳತೆ, ಅಂದರೆ ನಿಜದ ರೈಲಿನ 87ನೇ ಒಂದು ಭಾಗ. ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಉದ್ದ ಸುಮಾರು 17 ಮೀಟರ್. ಈ ಅಳತೆಯಲ್ಲಿ ಅದು 20 ಸೆಂಟಿಮೀಟರಿನೊಳಗೆ ಮುಗಿಯುತ್ತದೆ. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, ಯುರೋಪಿನ ಹಳಿಗೆ ಅದು ಸರಿ. 1676 ಮಿಲಿಮೀಟರಿನ ನಮ್ಮ ಬ್ರಾಡ್‌ಗೇಜಿಗೆ 19 ಮಿಲಿಮೀಟರಿಗೂ ಮೀರಿ ಬೇಕಾಗುತ್ತದೆ. ಇನ್ನು 1990ರ ದಶಕದವರೆಗೆ ಬೆಂಗಳೂರು–ಮೈಸೂರು ನಡುವೆ ಇದ್ದ ಮೀಟರ್‌ಗೇಜನ್ನು ಮಾದರಿಯಲ್ಲಿ ಕಟ್ಟುವವರಿಗೆ 12 ಮಿಲಿಮೀಟರಿನ ಹಳಿ ಒದಗಿ ಬರುತ್ತದೆ. ಹಾಗೆ ಕಟ್ಟುವ ಆಸೆಯಿದ್ದವರು ಮೊದಲು ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ ಬರಬೇಕು. 1979ರಲ್ಲಿ ಶುರುವಾದ ಅದು, ದೆಹಲಿಯ ನಂತರ ದೇಶದ ಎರಡನೆಯದು. 1899ರ ಮಹಾರಾಣಿಯವರ ಸಲೂನ್ ನೋಡಲು ಜನ ಮುಗಿಬೀಳುತ್ತಾರೆ. ಅಲ್ಲಿನ ಉಗಿ ಎಂಜಿನ್ನುಗಳ ಅಡಿಭಾಗವನ್ನು ಬಗ್ಗಿ ನೋಡಿದವರಿಗೆ ಇನ್ನೂ ಹೆಚ್ಚು ಸಿಗುತ್ತದೆ.

ಮಾದರಿ ಎಂಜಿನ್ನಿನೊಳಗೆ ವಿದ್ಯುತ್ತು ಹರಿಯುವ ದಾರಿ ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆಯೇ. ಸಾಮಾನ್ಯ ಎರಡು ಹಳಿಯ ವ್ಯವಸ್ಥೆಯಲ್ಲಿ ಹಳಿಗೆ 12 ವೋಲ್ಟಿನವರೆಗೆ ಡಿಸಿ ಕೊಡುತ್ತಾರೆ. ಹಳಿಯಿಂದ ಅದು ಚಕ್ರಕ್ಕೆ ಹತ್ತುತ್ತದೆ. ಚಕ್ರದ ಬೆನ್ನಿಗೆ ಒತ್ತಿಕೊಂಡಿರುವ ಫಾಸ್ಫರ್ ಬ್ರಾಂಜಿನ ತೆಳು ಪಟ್ಟಿ ಅದನ್ನು ಎತ್ತಿಕೊಳ್ಳುತ್ತದೆ, ಇದಕ್ಕೆ ಪಿಕಪ್ ಎನ್ನುತ್ತಾರೆ. ಅಲ್ಲಿಂದ ತಂತಿಯ ಮೂಲಕ ಮೋಟಾರಿನ ಒಂದು ಬ್ರಷ್‌ಗೆ ಬರುತ್ತದೆ, ಇನ್ನೊಂದು ಬ್ರಷ್‌ನಿಂದ ಹೊರಟು ಎದುರು ಬದಿಯ ಚಕ್ರದಿಂದ ಎರಡನೇ ಹಳಿಗೆ ಇಳಿಯುತ್ತದೆ. ಧನ ಋಣ ಅದಲುಬದಲಾದರೆ ಎಂಜಿನ್ ಹಿಂದಕ್ಕೆ ಓಡುತ್ತದೆ. ಮಾರ್ಕ್ಲಿನ್‌ನ ದಾರಿಯೇ ಬೇರೆ. ಅದರಲ್ಲಿ ಹಳಿಗಳ ನಡುವಿನ ಸಣ್ಣ ಮೊಳೆಗಳ ಮೇಲೆ ಎಂಜಿನ್ನಿನ ಹೊಟ್ಟೆಗಂಟಿದ ಪಟ್ಟಿ ಜಾರುತ್ತ ಹೋಗುತ್ತದೆ.

ತಂತಿ ಕಡಿಯುವುದು ಬಾಗುವ ಜಾಗದಲ್ಲಿ. ಬಾವಿಯ ಹಗ್ಗ ಸವೆಯುವುದು ರಾಟೆಯ ಮೇಲೆ ಬಾಗುವಲ್ಲೇ ತಾನೆ. ತಿರುವು ಬಂದಾಗಲೆಲ್ಲ ಎಂಜಿನ್ನಿನ ಅಡಿಯಲ್ಲಿ ಚಕ್ರಗಳನ್ನು ಹೊತ್ತ ಬೋಗಿ ಆ ಕಡೆ ಈ ಕಡೆ ಹೊರಳುತ್ತದೆ, ಅದಕ್ಕೆ ಬೆಸೆದ ತಂತಿಯೂ ಹೊರಳುತ್ತದೆ. ಉಗಿ ಎಂಜಿನ್ನಿನ ಮಾದರಿಯಾದರೆ ಎಂಜಿನ್ನಿಗೂ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರಿಗೂ ನಡುವಿನ ತಂತಿಯೇ ಮೊದಲ ಬಲಿ. ಇದರಲ್ಲೊಂದು ಸೂಕ್ಷ್ಮವಿದೆ. ಬೆಸೆಯುವಾಗ ಕರಗಿದ ಸೋಲ್ಡರ್ ತಂತಿಯ ಎಳೆಗಳ ನಡುವೆ ಒಳಕ್ಕೆ ಏರುತ್ತದೆ. ಏರಿದಷ್ಟು ಭಾಗ ಕಡ್ಡಿಯಂತೆ ಬಿರುಸಾಗುತ್ತದೆ, ಅದರಾಚೆ ಮೆತ್ತಗೇ ಉಳಿಯುತ್ತದೆ. ಬಿರುಸು ಮುಗಿದು ಮೆದು ಶುರುವಾಗುವ ಆ ಗಡಿಯಲ್ಲೇ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹಾಗೆಯೇ ಇರುತ್ತದೆ, ಕಣ್ಣಿಗೆ ಎಲ್ಲವೂ ನೆಟ್ಟಗೆ ಕಾಣುತ್ತದೆ. ನಿಜದ ಡೀಸೆಲ್ ಎಂಜಿನ್ನಿನಲ್ಲೂ ಬೋಗಿಯ ಟ್ರಾಕ್ಷನ್ ಮೋಟಾರಿಗೆ ಇಳಿಯುವ ದಪ್ಪ ಕೇಬಲ್ಲುಗಳಿಗೆ ಇದೇ ಬಾಗಾಟ ಇದೆ.

ರೋಗಲಕ್ಷಣ ಓದುವುದನ್ನು ಕಲಿಯಬೇಕು. ಎಡ ತಿರುವಿನಲ್ಲಿ ಮಾತ್ರ ನಿಂತು, ನೇರ ಹಳಿಗೆ ತಳ್ಳಿದಾಗ ಓಡಿದರೆ, ಹೊರಳುವಾಗ ಬಾಯಿಬಿಡುವ ತಂತಿಯೊಂದು ಇದೆ ಎಂದರ್ಥ. ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಮಾತ್ರ ತಡವರಿಸಿದರೆ ಒಂದು ಬೋಗಿಯ ಪಿಕಪ್ಪೇ ಕೈಬಿಟ್ಟಿರುತ್ತದೆ, ಎಂಜಿನ್ ಇನ್ನೊಂದರ ಬಲದಲ್ಲಿ ಇಷ್ಟು ದಿನ ಓಡಿದೆ. ಹಳಿಗೆ ಇಟ್ಟೊಡನೆ, ಹಳಿಗೆ ವಿದ್ಯುತ್ತು ಕೊಡುವ ಕಂಟ್ರೋಲರೇ ನಿಂತುಹೋದರೆ ಅದು ತುಂಡಲ್ಲ, ಶಾರ್ಟ್. ಚಕ್ರಕ್ಕೆ ಕಪ್ಪು ಮಸಿ ಹಿಡಿದಿದ್ದರೂ ಎಂಜಿನ್ ಸತ್ತಂತೆ ನಟಿಸುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಚಕ್ರ ಒರೆಸಿ ನೋಡಬೇಕು.

ಆಮೇಲೆ ಮಲ್ಟಿಮೀಟರ್. ದಾರಿ ಕಡಿಯದೆ ಇದೆಯೇ ಎಂದು ತೋರಿಸುವ ಕಂಟಿನ್ಯುಯಿಟಿಗೆ ತಿರುಗಿಸಿ ಒಂದು ಮೊನೆಯನ್ನು ಚಕ್ರಕ್ಕೂ ಇನ್ನೊಂದನ್ನು ಪಿಕಪ್ಪಿಗೂ ಇಟ್ಟರೆ ಬೀಪ್ ಬರಬೇಕು. ಬಂದರೆ ಮುಂದಿನ ಹೆಜ್ಜೆ, ಪಿಕಪ್ಪಿನಿಂದ ತಂತಿಯ ಕೊನೆಗೆ. ಹೀಗೆ ಹಳಿಯಿಂದ ಮೋಟಾರಿನತ್ತ ನಡೆಯುತ್ತ ಹೋದರೆ ಎಲ್ಲೋ ಬೀಪ್ ನಿಲ್ಲುತ್ತದೆ. ಮೊನೆಗಳನ್ನು ಇಟ್ಟಂತೆಯೇ ತಂತಿಯನ್ನು ಮೆಲ್ಲಗೆ ಅಲುಗಿಸುವುದನ್ನು ಮರೆಯಬಾರದು. ಬೀಪ್ ಬಂದು ಹೋಗಿ ಮಾಡಿದರೆ ಕಳ್ಳ ಸಿಕ್ಕಿದ.

ಬೆಸುಗೆಗೆ 25 ವಾಟಿನ ಸಣ್ಣ ಐರನ್ ಸಾಕು. ತಂತಿಯ ತುಂಡಿಗೆ ತುಂಡು ಗಂಟುಹಾಕುವುದನ್ನು ನಾನು ಒಪ್ಪುವುದಿಲ್ಲ. ಇಡೀ ತಂತಿಯನ್ನೇ ಬದಲಿಸಬೇಕು, ಸಾಧ್ಯವಾದರೆ ಸಿಲಿಕೋನ್ ಹೊದಿಕೆಯ ಬಹು ಎಳೆಯ ತಂತಿ ಹಾಕಬೇಕು. ಅದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. 63 ಭಾಗ ತವರ, 37 ಭಾಗ ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ ಮತ್ತು ಆರುವಾಗ ಥಟ್ಟನೆ ಗಟ್ಟಿಯಾಗುತ್ತದೆ. ನಡುವೆ ಕೈ ಅಲುಗಿ ಬೆಸುಗೆ ಕೆಡುವ ಅವಕಾಶ ಕಡಿಮೆ. ರಾಳದ ಫ್ಲಕ್ಸ್ ಬಳಸಬೇಕು, ಆಮ್ಲದ್ದು ಬೇಡ. ಅದು ಉಳಿದು ತಾಮ್ರವನ್ನು ತಿನ್ನುತ್ತದೆ. ತಂತಿಗೂ ಪಿಕಪ್ಪಿಗೂ ಬೇರೆಬೇರೆಯಾಗಿ ಮೊದಲೇ ಸೋಲ್ಡರ್ ಸವರಿಟ್ಟುಕೊಂಡರೆ, ಕೂಡಿಸುವಾಗ ಐರನ್ ತಾಗಿಸುವುದು ಒಂದೆರಡು ಸೆಕೆಂಡು ಸಾಕು. ಹೆಚ್ಚು ಹೊತ್ತು ಹಿಡಿದರೆ ಪಕ್ಕದ ಪ್ಲಾಸ್ಟಿಕ್ ಬೋಗಿ ಕರಗಿ ಚಕ್ರ ಸೊಟ್ಟಗಾಗುತ್ತದೆ. ಬಿಸಿಗೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಕೊಳವೆಯನ್ನು ಬೆಸೆಯುವ ಮೊದಲೇ ತಂತಿಗೆ ಪೋಣಿಸಿರಬೇಕು. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬಾರದು.

ತಂತಿಯ ಉದ್ದವೇ ಈ ಕೆಲಸದ ಮರ್ಮ. ಬೋಗಿ ಎರಡೂ ಬದಿಗೆ ಪೂರ್ತಿ ಹೊರಳಿದರೂ ಎಳೆಯದಷ್ಟು ಸಡಿಲ ಬೇಕು, ಗೇರಿಗೆ ಸಿಕ್ಕಿಕೊಳ್ಳುವಷ್ಟು ಬೇಡ. ಬೆಸುಗೆಯಾಚೆ ಕೆಲವು ಮಿಲಿಮೀಟರ್ ತಂತಿಯನ್ನು ಚೌಕಟ್ಟಿಗೆ ಅಂಟಿಸಿಬಿಟ್ಟರೆ ಬಾಗುವ ಜಾಗ ಆ ಬಿರುಸು–ಮೆದುವಿನ ಗಡಿಯಿಂದ ದೂರ ಸರಿಯುತ್ತದೆ. ಬೆಸುಗೆ ಎಷ್ಟೇ ಹೊಳೆಯುತ್ತಿರಲಿ, ಇದನ್ನು ಮಾಡದವರ ರಿಪೇರಿ ಬಾಳುವುದಿಲ್ಲ.

ಡಿಜಿಟಲ್ ಎಂಜಿನ್ನುಗಳಲ್ಲಿ ಪಿಕಪ್ಪಿಗೂ ಮೋಟಾರಿಗೂ ನಡುವೆ, ಹಳಿಯಿಂದ ಬರುವ ಸಂಕೇತ ಓದುವ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ಹಲಗೆ ಇರುತ್ತದೆ. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಮಾನದಂಡದ ತಂತಿಗಳಿಗೆ ಬಣ್ಣ ಗೊತ್ತುಮಾಡಿದ್ದಾರೆ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ದೀಪಗಳ ಸಮಾನ ಧನಕ್ಕೆ. ಕಿತ್ತಳೆಯೋ ಬೂದುವೋ ಹಳಿಯ ತಂತಿಗೆ ಅಥವಾ ಲೋಹದ ಚೌಕಟ್ಟಿಗೆ ತಗುಲಿದರೆ ಡಿಕೋಡರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಬೆಸೆಯುವ ಮುನ್ನ ಡಿಕೋಡರನ್ನು ಪ್ಲಗ್ಗಿನಿಂದ ಬಿಡಿಸಿಡುವುದು ಕಡ್ಡಾಯ. ಕೆಲಸ ಮುಗಿದ ಮೇಲೆ, ಕಡಿಮೆ ಕರೆಂಟಿನ ಪ್ರೋಗ್ರಾಮಿಂಗ್ ಹಳಿಯ ಮೇಲೆ ಮೊದಲು ಇಟ್ಟು ಅದು ಉತ್ತರ ಕೊಡುತ್ತದೆಯೇ ನೋಡಬೇಕು.

ಕೊನೆಯ ಪರೀಕ್ಷೆ ಮೇಲುಕವಚ ಹಾಕುವ ಮುಂಚೆ. ಮನೆಯಲ್ಲಿರುವ ಅತಿ ಬಿಗಿಯಾದ ತಿರುವಿನಲ್ಲಿ ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ಓಡಿಸಿ, ತಂತಿ ಎಲ್ಲಾದರೂ ಬಿಗಿಯುತ್ತದೆಯೇ ಎಂದು ಕಣ್ಣಿಟ್ಟು ನೋಡಬೇಕು. ಕವಚ ಹಾಕಿ ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ಓಡಿಸಬೇಕು, ಏಕೆಂದರೆ ಕವಚದ ಅಂಚಿಗೆ ಸಿಕ್ಕಿ ಹೊಸ ತಂತಿಯೇ ಕತ್ತರಿಸಿಹೋಗುವುದುಂಟು. ಯಾವ ತಂತಿ, ಯಾವ ಬಣ್ಣ, ಯಾವಾಗ ಬದಲಾಯಿಸಿದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಟ್ಟರೆ ಮುಂದೆ ಬಿಚ್ಚುವವರಿಗೆ ಹುಡುಕಾಟ ಕಡಿಮೆಯಾಗುತ್ತದೆ.