ಶ್ವಾಸಕೋಶ ಕಸಿಗೆ ಮುಂಚೆ ಕೇಳಬೇಕಾದ ಮನೆತನದ ಪ್ರಶ್ನೆ

2023ರ ನವೆಂಬರ್‌ನಲ್ಲಿ ಪಿಂಪ್ರಿಯ ಡಿ.ವೈ. ಪಾಟೀಲ ಆಸ್ಪತ್ರೆಯಿಂದ ದಾನದ ಶ್ವಾಸಕೋಶಗಳನ್ನು ಪುಣೆ ವಿಮಾನ ನಿಲ್ದಾಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಹ್ಯಾರಿಸ್ ಸೇತುವೆಯಲ್ಲಿ ಅಪಘಾತಕ್ಕೀಡಾಯಿತು. ಗಾಯವಾಗಿದ್ದರೂ ಅದರಲ್ಲಿದ್ದ ಡಾ. ಸಂಜೀವ್ ಜಾಧವ್ ಮತ್ತು ತಂಡ ಬೇರೆ ವಾಹನ ಹತ್ತಿ, ಅಂಗವನ್ನು ಚೆನ್ನೈಗೆ ತಲುಪಿಸಿದರು, ಕಸಿಯೂ ನಡೆಯಿತು. ಹೊರತೆಗೆದ ಶ್ವಾಸಕೋಶ ತಂಪಿನಲ್ಲಿದ್ದರೂ ಸುಮಾರು 6 ಗಂಟೆಗಳೊಳಗೆ ಹೊಸ ಎದೆ ಸೇರಬೇಕು. ಇಷ್ಟು ದುರ್ಲಭವಾದ ಅಂಗ ಉಳಿಯುವುದು ಮುಂದೆ ಕೊಡುವ ಔಷಧಗಳ ಮೇಲೆ ನಿಂತಿದೆ. ಕೆಲವರಿಗೆ ಆ ಔಷಧಗಳೇ ಭಾರವಾಗುತ್ತವೆ. ಇದರ ಕಾರಣ ಕೆಲವೊಮ್ಮೆ ಅವರ ಜೀನ್‌ಗಳಲ್ಲೇ ಇರುತ್ತದೆ.

ನಮ್ಮ ಕ್ರೋಮೋಸೋಮುಗಳ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಡಿಎನ್‌ಎ ತುಣುಕು ಮತ್ತೆ ಮತ್ತೆ ಬರುತ್ತದೆ. ಅದೇ ಟೆಲೋಮಿಯರ್. ಜೀವಕೋಶ ವಿಭಜನೆಯಾದಾಗಲೆಲ್ಲ ಅದು ಸವೆಯುತ್ತದೆ, ಟೆಲೋಮರೇಸ್ ಕಿಣ್ವ ಕೆಲವೆಡೆ ಅದನ್ನು ಮತ್ತೆ ಬೆಳೆಸುತ್ತದೆ. ಇದನ್ನು ಬಿಡಿಸಿ ತೋರಿಸಿದ್ದಕ್ಕೆ ಬ್ಲ್ಯಾಕ್‌ಬರ್ನ್, ಗ್ರೈಡರ್, ಶೋಸ್ತಾಕ್ ಅವರಿಗೆ 2009ರ ನೊಬೆಲ್ ಬಂತು. ಟಿಇಆರ್‌ಟಿ, ಟಿಇಆರ್‌ಸಿ, ಆರ್‌ಟಿಇಎಲ್‌1ನಂಥ ಜೀನ್‌ಗಳಲ್ಲಿ ದೋಷವಿದ್ದರೆ ಟೆಲೋಮಿಯರ್ ಗಿಡ್ಡವಾಗುತ್ತದೆ. ಆಗ ಗಾಳಿಚೀಲಗಳ ಒಳಪದರ ಹೊಸದಾಗಿ ಮೂಡದೆ ಗಡುಸು ನಾರು ತುಂಬುತ್ತದೆ: ಪಲ್ಮನರಿ ಫೈಬ್ರೋಸಿಸ್. ಮನೆತನದಲ್ಲಿ ಹರಿದುಬರುವ ಫೈಬ್ರೋಸಿಸ್‌ಗೆ ತಿಳಿದಿರುವ ಅನುವಂಶಿಕ ಕಾರಣಗಳಲ್ಲಿ ಇದೇ ಮುಖ್ಯ.

ಟೆಲೋಮಿಯರ್ ಗಿಡ್ಡವಾದರೆ ಅಸ್ಥಿಮಜ್ಜೆ, ಯಕೃತ್ತೂ ಸೊರಗಬಹುದು. ಮೂವತ್ತಕ್ಕೆ ಮುಂಚೆ ನರೆತ ಕೂದಲು, ಕಾರಣ ಸಿಗದೆ ಇಳಿದ ಪ್ಲೇಟ್‌ಲೆಟ್, ಕುಡಿತವಿಲ್ಲದ ಸಿರೋಸಿಸ್, ದೊಡ್ಡಪ್ಪನಿಗೋ ಅತ್ತೆಗೋ ಬಂದ ‘ಒಣ ಕೆಮ್ಮು, ಉಬ್ಬಸ’ — ಇವನ್ನೆಲ್ಲ ವೈದ್ಯರಿಗೆ ಹೇಳಲೇಬೇಕು. ಇವುಗಳಲ್ಲಿ ಹಲವು ಶ್ವಾಸಕೋಶಕ್ಕೆ ಸಂಬಂಧಿಸಿದವಲ್ಲ ಎಂದು ಮನೆಯವರು ಬಾಯಿ ಬಿಡದಿರುವುದೇ ನನ್ನ ಆತಂಕ.

ಕಸಿಯ ನಂತರ ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಸ್ಟೀರಾಯ್ಡ್ ಕೊಡುತ್ತಾರೆ. ಸೈಟೊಮೆಗಾಲೊ ವೈರಸ್ ತಡೆಯಲು ವಾಲ್‌ಗ್ಯಾನ್ಸಿಕ್ಲೊವಿರ್. ಮೈಕೋಫಿನೊಲೇಟ್, ವಾಲ್‌ಗ್ಯಾನ್ಸಿಕ್ಲೊವಿರ್ ಎರಡೂ ಮಜ್ಜೆಯನ್ನು ಕುಗ್ಗಿಸುತ್ತವೆ. ಮೊದಲೇ ದುರ್ಬಲವಾದ ಮಜ್ಜೆಯಲ್ಲಿ ಬಿಳಿರಕ್ತಕಣ ಅಪಾಯದ ಮಟ್ಟಕ್ಕೆ ಇಳಿಯಬಹುದು. ಗಿಡ್ಡ ಟೆಲೋಮಿಯರ್ ಇರುವವರಲ್ಲಿ ಟಿ-ಜೀವಕೋಶಗಳೂ ಕಡಿಮೆಯಿರಬಹುದಾದ್ದರಿಂದ ಈ ವೈರಸ್ ಹೆಚ್ಚು ಕಾಡಬಹುದು. ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಮೈಕೋಫಿನೊಲೇಟನ್ನು ತಗ್ಗಿಸಬಹುದು ಅಥವಾ ಬಿಡಬಹುದು, ವಾಲ್‌ಗ್ಯಾನ್ಸಿಕ್ಲೊವಿರ್ ಬದಲು ಮಜ್ಜೆಯನ್ನು ಕುಗ್ಗಿಸದ ಲೆಟರ್ಮೊವಿರ್ ಯೋಚಿಸಬಹುದು. ಗಿಡ್ಡ ಟೆಲೋಮಿಯರ್ ಇದೆಯೆಂದ ಮಾತ್ರಕ್ಕೆ ಕಸಿಯ ದಾರಿ ಮುಚ್ಚುವುದಿಲ್ಲ.

ಪತ್ತೆಗೆ ಫ್ಲೋ-ಫಿಶ್ ಎಂಬ ರಕ್ತಪರೀಕ್ಷೆ, ಜತೆಗೆ ಜೀನ್ ಪರೀಕ್ಷೆ ಇದೆ. ಉದ್ದವನ್ನು ಅದೇ ವಯಸ್ಸಿನವರೊಂದಿಗೆ ಹೋಲಿಸಿ ಓದುತ್ತಾರೆ. ರಕ್ತಕಣ ಕಡಿಮೆಯಿದ್ದರೆ ಮಜ್ಜೆಯ ಪರೀಕ್ಷೆಯೂ ಬೇಕು. ಪುಣೆಯಲ್ಲಿ ಮೃತ ದಾನಿಗಳ ಅಂಗ ಹಂಚಿಕೆ ನೋಡಿಕೊಳ್ಳುವುದು ವಲಯ ಅಂಗಕಸಿ ಸಮನ್ವಯ ಕೇಂದ್ರ (ಝಡ್‌ಟಿಸಿಸಿ). ಆಸ್ಪತ್ರೆಯ ಮೂಲಕ ಅಲ್ಲಿ ಹೆಸರು ದಾಖಲಾಗುವ ಮೊದಲೇ ಈ ಪರೀಕ್ಷೆಗಳು ಮುಗಿದರೆ ಒಳ್ಳೆಯದು. ಜೀನ್ ದೋಷ ಸಿಕ್ಕಿದರೆ ಒಡಹುಟ್ಟಿದವರು, ಮಕ್ಕಳು ಅನುವಂಶಿಕ ತಜ್ಞರನ್ನು ಕಾಣಲಿ. ಬೀಡಿ, ಸಿಗರೇಟು ಅವರಿಗೆ ಇಂದೇ ನಿಲ್ಲಲಿ.