ತಕ್ಕಡಿಗಾಗಿ ಬತ್ತುವ ದೇಹ

ಗರಡಿಮನೆ ನಮ್ಮ ನಾಡಿಗೆ ಹೊಸದಲ್ಲ. ಊರ ಜಾತ್ರೆಯಲ್ಲಿ ಜಂಗಿ ನಿಕಾಲಿ ಕುಸ್ತಿಯನ್ನೂ ಮೈಸೂರು ದಸರೆಯಲ್ಲಿ ಪೈಲ್ವಾನರ ಸೆಣಸಾಟವನ್ನೂ ನಾವು ನೋಡುತ್ತಲೇ ಬಂದಿದ್ದೇವೆ. ಮಣ್ಣಿನ ಕಣದಲ್ಲಿ ಜೋಡಿ ಕಟ್ಟುವಾಗ ಹಿರಿಯರು ಕಣ್ಣಳತೆಯಿಂದಲೇ ಸಮಬಲರನ್ನು ಗುರುತಿಸುತ್ತಿದ್ದರು. ಇಂದು ನಮ್ಮ ಮಕ್ಕಳು ಮ್ಯಾಟ್ ಮೇಲಿನ ಕುಸ್ತಿ, ಜೂಡೊ, ಬಾಕ್ಸಿಂಗ್ ಕಲಿಯುತ್ತಿದ್ದಾರೆ. ಅಲ್ಲಿ ಯಾರಿಗೆ ಯಾರು ಎದುರಾಳಿ ಎಂಬುದನ್ನು ತೂಕದ ಯಂತ್ರ ನಿರ್ಧರಿಸುತ್ತದೆ. ದುರ್ಬಲನಿಗೆ ಅನ್ಯಾಯವಾಗಬಾರದೆಂಬ ಸದುದ್ದೇಶದಿಂದ ರೂಪುಗೊಂಡ ಈ ವ್ಯವಸ್ಥೆಯೇ ಇಂದು ಅನೇಕ ಕ್ರೀಡಾಪಟುಗಳ ಆರೋಗ್ಯಕ್ಕೆ ಕುತ್ತಾಗಿ ಪರಿಣಮಿಸಿದೆ.

ಕಾರಣ ಸರಳವಾದುದು. 60 ಕೆ.ಜಿ. ತೂಗುವ ಪಟು 57 ಕೆ.ಜಿ. ವಿಭಾಗದಲ್ಲಿ ಸ್ಪರ್ಧಿಸಿದರೆ ತನಗಿಂತ ಸಣ್ಣ ಮೈಕಟ್ಟಿನವರು ಎದುರಾಗುವರೆಂದು ಎಣಿಸುತ್ತಾನೆ. ಆದ್ದರಿಂದ ತೂಕ ಪರೀಕ್ಷೆಗೆ ಮುಂಚಿನ ಕೆಲವೇ ದಿನಗಳಲ್ಲಿ ಅನ್ನ, ಉಪ್ಪು, ಕೊನೆಗೆ ನೀರನ್ನೂ ತ್ಯಜಿಸುತ್ತಾನೆ. ದಪ್ಪ ಉಡುಪು ತೊಟ್ಟು ಓಡುತ್ತಾನೆ. ಬಿಸಿ ಕೋಣೆಯಲ್ಲಿ ಕುಳಿತು ಬೆವರು ಹರಿಸುತ್ತಾನೆ. ಹೀಗೆ ಇಳಿಯುವುದು ಬಹುಪಾಲು ಕೊಬ್ಬಲ್ಲ, ನೀರು. ತೂಕ ನೋಡಿಸಿದ ಕೂಡಲೇ ಉಂಡು ಕುಡಿದು ಮತ್ತೆ ಮೈ ತುಂಬಿಕೊಳ್ಳಬಹುದೆಂಬುದು ಆತನ ಲೆಕ್ಕ.

ಈ ಲೆಕ್ಕ ಎಷ್ಟು ಕಠೋರವಾದುದೆಂಬುದು 2024ರ ಆಗಸ್ಟ್‌ನಲ್ಲಿ ಇಡೀ ದೇಶಕ್ಕೆ ತಿಳಿಯಿತು. ಹಿಂದೆ 53 ಕೆ.ಜಿ. ವಿಭಾಗದಲ್ಲಿ ಆಡುತ್ತಿದ್ದ ವಿನೇಶ್ ಫೋಗಟ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಕೆ.ಜಿ. ವಿಭಾಗಕ್ಕೆ ಇಳಿದಿದ್ದರು. ಆಗಸ್ಟ್ 6ರಂದು ಮೂರು ಪಂದ್ಯಗಳನ್ನು ಗೆದ್ದು ಫೈನಲ್ ತಲುಪಿದರು. ಕುಸ್ತಿಯ ನಿಯಮದಂತೆ ಮರುದಿನ ಬೆಳಿಗ್ಗೆಯೂ ತೂಕ ಸರಿಯಿರಬೇಕು. ಪಂದ್ಯಗಳ ನಡುವೆ ಸೇವಿಸಿದ ಅಲ್ಪ ಆಹಾರ, ನೀರಿನಿಂದ ಸಂಜೆಯ ಹೊತ್ತಿಗೆ ಅವರ ತೂಕ 2.7 ಕೆ.ಜಿ. ಹೆಚ್ಚಿತ್ತು. ರಾತ್ರಿಯಿಡೀ ವ್ಯಾಯಾಮ ಮಾಡಿ, ಬೆವರು ಹರಿಸಿ, ಕೊನೆಗೆ ತಲೆಗೂದಲನ್ನು ಕತ್ತರಿಸಿದರೂ ಬೆಳಿಗ್ಗೆ 100 ಗ್ರಾಂ ಉಳಿಯಿತು. ಅವರನ್ನು ಅನರ್ಹಗೊಳಿಸಲಾಯಿತು. ನಿರ್ಜಲೀಕರಣಕ್ಕೆ ಚಿಕಿತ್ಸೆ ಪಡೆಯಬೇಕಾಯಿತು. ದೇಶ ಪದಕಕ್ಕಾಗಿ ಮರುಗಿತು; ಆ ರಾತ್ರಿ ಆ ದೇಹ ಅನುಭವಿಸಿದ್ದರ ಕುರಿತು ನಾವು ಅಷ್ಟಾಗಿ ಚಿಂತಿಸಲಿಲ್ಲ.

ನಮ್ಮ ಶರೀರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ ಆಗಿದೆ. ತೂಕದ ಶೇ. 2ರಷ್ಟು ನೀರು ಕಳೆದರೆ ಸಾಕು, ದಣಿವು ಬೇಗ ಆವರಿಸುತ್ತದೆ. ಇನ್ನೂ ಕಳೆದಂತೆ ರಕ್ತದ ಪ್ರಮಾಣ ಕುಗ್ಗುತ್ತದೆ. ಅದೇ ಕೆಲಸಕ್ಕೆ ಹೃದಯ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಬೆವರುವ ಶಕ್ತಿ ಕುಂದಿ ಮೈಯ ಒಳಗಿನ ಉಷ್ಣ ಏರುತ್ತದೆ. ಮೂತ್ರಪಿಂಡಗಳಿಗೆ ರಕ್ತ ಸಾಲದೆ ಹೋಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಲವಣಗಳ ಸಮತೋಲ ತಪ್ಪಿದರೆ ಹೃದಯದ ಬಡಿತದ ಲಯವೇ ಕೆಡಬಹುದು. ಸಿಡುಕು, ಮಂಕು, ಏಕಾಗ್ರತೆಯ ಕೊರತೆ ಇವುಗಳ ಜೊತೆಗೂಡುತ್ತವೆ. ಇಂತಹ ಸ್ಥಿತಿಯಲ್ಲಿ ತಲೆಗೆ ಪೆಟ್ಟು ಬೀಳುವ ಕ್ರೀಡೆಯ ಕಣಕ್ಕೆ ಇಳಿಯುವುದು ಎಷ್ಟು ಅಪಾಯಕರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಳೆದ ನೀರು ಲೋಟದಿಂದ ಕುಡಿದಷ್ಟು ಬೇಗ ಜೀವಕೋಶಗಳಿಗೆ ಮರಳುವುದೂ ಇಲ್ಲ. ಸ್ನಾಯುಗಳಲ್ಲಿ ಕೂಡಿಟ್ಟ ಶಕ್ತಿಯ ಭಂಡಾರ ತುಂಬಲು ಕೆಲವು ಗಂಟೆಗಳು ಸಾಲವು. ಹೀಗಾಗಿ ಲಾಭಕ್ಕೆಂದು ತೂಕ ಇಳಿಸಿದವನು ಅನೇಕ ವೇಳೆ ತನ್ನ ನಿಜವಾದ ಬಲವನ್ನೇ ಕಳೆದುಕೊಂಡು ಕಣಕ್ಕೆ ಬರುತ್ತಾನೆ. ಎದುರಾಳಿಯೂ ಹಾಗೆಯೇ ಇಳಿಸಿ ಬಂದಿರುವಾಗ ಇಬ್ಬರಿಗೂ ದಕ್ಕಿದ್ದು ಬರಿಯ ಬಳಲಿಕೆ.

1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಸುಮಾರು ಒಂದು ತಿಂಗಳ ಅಂತರದಲ್ಲಿ ಮೃತಪಟ್ಟರು. ಮೂವರೂ ತೂಕ ಇಳಿಸಲು ನೀರನ್ನು ತ್ಯಜಿಸಿ, ಬೆವರಿಳಿಸುವ ಉಡುಪು ಧರಿಸಿ ಕಠಿಣ ವ್ಯಾಯಾಮದಲ್ಲಿ ತೊಡಗಿದ್ದವರು. ಆನಂತರ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆಯು ಬಿಸಿ ಕೋಣೆ, ರಬ್ಬರ್ ಉಡುಪು, ಮೂತ್ರವರ್ಧಕ ಔಷಧಗಳನ್ನು ನಿಷೇಧಿಸಿತು. ತೂಕ ಪರೀಕ್ಷೆಯನ್ನು ಪಂದ್ಯದ ಸಮೀಪಕ್ಕೆ ತಂದಿತು. ದೇಹದಲ್ಲಿ ಸಾಕಷ್ಟು ನೀರಿರುವಾಗಲೇ ಪ್ರತಿಯೊಬ್ಬರ ಕನಿಷ್ಠ ತೂಕವನ್ನು ನಿಗದಿಪಡಿಸಿ, ವಾರಕ್ಕೆ ಶೇ. 1.5ಕ್ಕಿಂತ ಹೆಚ್ಚು ಇಳಿಸಬಾರದೆಂದು ವಿಧಿಸಿತು. ನಿಯಮ ಬದಲಾದರೆ ಪದ್ಧತಿಯೂ ಬದಲಾಗುತ್ತದೆಂಬುದಕ್ಕೆ ಇದು ನಿದರ್ಶನ.

'ನಾವೂ ಶಿವರಾತ್ರಿಗೆ ಉಪವಾಸ ಮಾಡುತ್ತೇವಲ್ಲ' ಎಂದು ಕೆಲವರು ಕೇಳಬಹುದು. ಎರಡಕ್ಕೂ ಹೋಲಿಕೆ ಸಲ್ಲದು. ಉಪವಾಸದಲ್ಲಿ ಹೆಚ್ಚಿನವರು ನೀರು, ಹಣ್ಣು ಸೇವಿಸುತ್ತಾರೆ. ಬಿಸಿಲಲ್ಲಿ ದಪ್ಪ ಉಡುಪು ತೊಟ್ಟು ಓಡುವುದಿಲ್ಲ. ಮೈ ಸೋತರೆ ನಿಲ್ಲಿಸುವ ಸ್ವಾತಂತ್ರ್ಯವೂ ಇರುತ್ತದೆ. ತಕ್ಕಡಿಯ ಮುಂದೆ ನಿಂತ ಹುಡುಗನಿಗೆ ಆ ಸ್ವಾತಂತ್ರ್ಯವಿಲ್ಲ.

ಬೆಳೆಯುವ ವಯಸ್ಸಿನ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಪದೇ ಪದೇ ಹಸಿವಿನಿಂದಿಟ್ಟರೆ ಬೆಳವಣಿಗೆ ಕುಂಠಿತವಾಗುವ ಅಪಾಯವಿದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ ಮೂಳೆಗಳು ಸತ್ವ ಕಳೆದುಕೊಳ್ಳಬಹುದು. ಆದ್ದರಿಂದ ಪಾಲಕರು ಕೆಲವು ಸಂಗತಿಗಳನ್ನು ಗಮನದಲ್ಲಿರಿಸಿಕೊಳ್ಳಬೇಕು.

ಮಗು ದಿನನಿತ್ಯ ಚೆನ್ನಾಗಿ ಉಂಡು ಆಡುವಾಗ ಇರುವ ತೂಕದ ವಿಭಾಗವೇ ಅದಕ್ಕೆ ಸೂಕ್ತ. ತೂಕ ಇಳಿಸಲೇಬೇಕಾದರೆ ವೈದ್ಯರ ಸಲಹೆಯಂತೆ, ಪಂದ್ಯಕ್ಕೆ ಹಲವು ವಾರ ಮೊದಲೇ, ನಿಧಾನವಾಗಿ ಇಳಿಸಬೇಕು. ನೀರನ್ನು ಎಂದಿಗೂ ಬಿಡಿಸಬಾರದು. ಯಾರೇ ಮೂತ್ರವರ್ಧಕ ಮಾತ್ರೆ ಕೊಟ್ಟರೂ ನಿರಾಕರಿಸಬೇಕು. ಆರೋಗ್ಯಕ್ಕೆ ಮಾರಕವಾಗಿರುವುದರ ಜೊತೆಗೆ ಉದ್ದೀಪನ ತಡೆ ನಿಯಮಗಳಡಿ ಅವು ನಿಷಿದ್ಧವೂ ಹೌದು. ತರಬೇತುದಾರರನ್ನು ವಿನಯದಿಂದಲೇ, ಆದರೆ ನೇರವಾಗಿ ಕೇಳಬೇಕು: ಮಗುವಿನ ತೂಕ ಎಷ್ಟು ಇಳಿಸುತ್ತಿದ್ದೀರಿ, ಎಷ್ಟು ದಿನಗಳಲ್ಲಿ, ಯಾವ ವಿಧಾನದಿಂದ?

ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ತಲೆಸುತ್ತು, ಸ್ನಾಯು ಸೆಳೆತ, ಎದೆಬಡಿತದ ಏರುಪೇರು ಕಂಡುಬಂದರೆ ಕೂಡಲೇ ವ್ಯಾಯಾಮ ನಿಲ್ಲಿಸಿ, ನೆರಳಿನಲ್ಲಿ ಕೂರಿಸಿ, ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ ವೈದ್ಯರಿಗೆ ತೋರಿಸಬೇಕು. ಮಾತು ತೊದಲಿದರೆ, ಬೆವರು ನಿಂತು ಮೈ ಸುಡುತ್ತಿದ್ದರೆ, ಪ್ರಜ್ಞೆ ಮಂಕಾದರೆ ಬಾಯಿಗೆ ಏನನ್ನೂ ಹಾಕದೆ, ಮೈಯನ್ನು ತಣ್ಣೀರಿನಿಂದ ತಂಪುಗೊಳಿಸುತ್ತ ಆಸ್ಪತ್ರೆಗೆ ಒಯ್ಯಬೇಕು.

ಕ್ರೀಡೆಯಿಂದ ಮಕ್ಕಳಿಗೆ ಶಿಸ್ತು, ಧೈರ್ಯ, ಆರೋಗ್ಯ ಲಭಿಸಲೆಂಬುದೇ ನಮ್ಮೆಲ್ಲರ ಆಶಯ. ಒಂದು ಪದಕ ಕೈತಪ್ಪಿದರೆ ಮುಂದಿನ ವರ್ಷ ಮತ್ತೊಂದು ಪಂದ್ಯವಿದೆ. ಮೂತ್ರಪಿಂಡವಾಗಲಿ ಹೃದಯವಾಗಲಿ ಕೆಟ್ಟರೆ ಜೀವನಪೂರ್ತಿ ಸಂಕಟ. ಈ ವಾರ ನಿಮ್ಮ ಮಗ ಅಥವಾ ಮಗಳು ಪಂದ್ಯಕ್ಕೆ ಹೊರಡುವವರಿದ್ದರೆ, ಇಂದು ನೀರು ಕುಡಿದಿದ್ದಾರೆಯೇ ಎಂದು ಮೊದಲು ವಿಚಾರಿಸಿರಿ.